ಕೋಶಕಾರನ ಕಾಲವಿನಿಯೋಗ

೧

ಶಬ್ದಗಳನ್ನು ಒಂದೊಂದಾಗಿ ಎಣಿಸಿ ಕಲಿಸಹೊರಟರೆ ಏನಾಗುವುದೆಂಬುದನ್ನು ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಒಂದು ಐತಿಹ್ಯದ ಮೂಲಕ ವಿಶದಪಡಿಸಿದ್ದಾನೆ. ಹೇಳತಕ್ಕವನು ಬೃಹಸ್ಪತಿ, ಕೇಳತಕ್ಕವನು ಇಂದ್ರ, ಪಾಠದ ಅವಧಿ ಸಾವಿರ ದಿವ್ಯವರ್ಷ. ಆದರೂ ಶಬ್ದಪಾರಾಯಣವು ಕೊನೆಗಾಣಲಿಲ್ಲ. ಹೀಗಿರುವಲ್ಲಿ, ನೂರು ವರ್ಷ ಬಾಳಿದವನನ್ನೇ ದೀರ್ಘಾಯುವೆಂದೆಣಿಸುವ ಕಾಲದಲ್ಲಿ ಆ ಕ್ರಮವು ಹೇಗೆ ಸಾಗೀತು ಎಂಬುದು ಭಾಷ್ಯಕಾರನ ಪ್ರಶ್ನೆ. ಇದಕ್ಕೆ ಅವನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ವಿದ್ಯೆಯು ನಾಲ್ಕು ಕಾಲಗಳಲ್ಲಿ ಉಪಯುಕ್ತವಾಗುವುದು: ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಮನನಮಾಡುವ ಸ್ವಾಧ್ಯಾಯಕಾಲ, ಇತರರಿಗೆ ಹೇಳುವ ಪ್ರವಚನಕಾಲ, ಲೋಕದಲ್ಲಿ ಬಳಸುವ ವ್ಯವಹಾರಕಾಲ. ಪ್ರತಿಪದಪಾಠವನ್ನು ಹಿಡಿದವನ ಆಯುಸ್ಸೆಲ್ಲವೂ ಆಗಮಕಾಲದಲ್ಲಿಯೇ ತೀರಿಹೋಗುವುದು. ಉಳಿದ ಮೂರಕ್ಕೆ ಸ್ಥಳವೇ ಇರದು. ಆದುದರಿಂದ ಸಾಮಾನ್ಯಸೂತ್ರವನ್ನೂ ಅದಕ್ಕೆ ಅಪವಾದವನ್ನೂ ಹೇಳಿ, ಅಲ್ಪಯತ್ನದಿಂದ ಮಹತ್ತಾದ ಶಬ್ದರಾಶಿಯನ್ನು ಗ್ರಹಿಸುವ ಉಪಾಯವೇ ಯುಕ್ತವೆಂದು ಸಿದ್ಧಾಂತ.

ಈ ಭಾಗವನ್ನು ವ್ಯಾಕರಣಶಾಸ್ತ್ರದ ಆವಶ್ಯಕತೆಯನ್ನು ಸಾಧಿಸುವ ವಾದವೆಂದು ಮಾತ್ರ ಓದುವುದು ವಾಡಿಕೆ. ಆದರೆ ವಿದ್ವಾಂಸನು ತನ್ನ ಮಿತವಾದ ಆಯುಸ್ಸನ್ನೂ ಶಕ್ತಿಯನ್ನೂ ಹೇಗೆ ಹಂಚಬೇಕೆಂಬ ವಿಚಾರವೂ ಇದರಲ್ಲಿ ಅಡಗಿರುವುದು. ವೈಯಾಕರಣನಿಗೆ ಸೂತ್ರವೆಂಬ ಉಪಾಯವುಂಟು. ಕೋಶಕಾರನಿಗೆ ಅದೂ ಇಲ್ಲ. ಪ್ರತಿಪದಪಾಠವೇ ಅವನ ಕಸಬು. ಆದುದರಿಂದ ಬೃಹಸ್ಪತಿಗೆ ಒದಗಿದ ಸಂಕಟವು ಅವನಿಗೆ ದಿನವೂ ಒದಗತಕ್ಕದ್ದು. ಪ್ರಸಿದ್ಧರಾದ ಕೆಲವು ಕೋಶಕಾರರೂ ಸಂಶೋಧಕರೂ ಈ ಸಂಕಟವನ್ನು ಯಾವ ಯಾವ ರೀತಿಯಲ್ಲಿ ಎದುರಿಸಿದರು, ಅದರಿಂದ ನಮ್ಮ ಅಧ್ಯಾಪಕವರ್ಗಕ್ಕೆ ತಿಳಿದುಬರುವ ನಿಯಮಗಳಾವುವು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕಷ್ಟದ ಪ್ರಮಾಣವನ್ನು ಅರಿಯತಕ್ಕದ್ದು. ಉದಾಹರಣೆಗಾಗಿ ಒಂದು ಲೆಕ್ಕವನ್ನು ಹಾಕಿನೋಡೋಣ. ಪಾಠಪ್ರವಚನಗಳ ನಡುವೆ ಒಬ್ಬ ಉಪಾಧ್ಯಾಯನು ವಾರಕ್ಕೆ ೬ ಗಂಟೆಗಳಂತೆ ವರ್ಷದಲ್ಲಿ ೪೦ ವಾರ ಕೋಶಕಾರ್ಯಕ್ಕೆ ಮೀಸಲಿಡಬಲ್ಲನೆಂದಿಟ್ಟುಕೊಂಡರೆ, ವರ್ಷಕ್ಕೆ ೨೪೦ ಗಂಟೆಗಳಾಗುವುವು. ಒಂದು ಶಬ್ದದ ಪ್ರಯೋಗಗಳನ್ನು ಹೋಲಿಸಿ, ಅರ್ಥಗಳನ್ನು ವಿಂಗಡಿಸಿ, ವ್ಯುತ್ಪತ್ತಿಯನ್ನು ಗೊತ್ತುಮಾಡುವುದಕ್ಕೆ ಅರ್ಧ ಗಂಟೆಯೇ ಸಾಕೆಂದು ಉದಾರವಾಗಿ ಎಣಿಸಿದರೂ ವರ್ಷಕ್ಕೆ ೪೮೦ ಶಬ್ದಗಳು, ಮೂವತ್ತು ವರ್ಷಗಳ ಉದ್ಯೋಗಕಾಲದಲ್ಲಿ ೧೪,೪೦೦ ಶಬ್ದಗಳು ಆಗುವುವು. ಕಿಟೆಲ್ ಪಂಡಿತರ ನಿಘಂಟಿನಲ್ಲಿರುವವು ಸುಮಾರು ೭೦,೦೦೦. ಎಂದರೆ ಒಂದು ಜೀವಮಾನದ ಬಿಡುವೆಲ್ಲವೂ ಅದರ ಐದರಲ್ಲೊಂದು ಪಾಲಿಗೆ ಮಾತ್ರ ಸಾಲುವುದು. ಪೂರ್ಣ ಮಾಡಬೇಕಾದರೆ ಸುಮಾರು ೧೪೬ ವರ್ಷಗಳು ಬೇಕಾಗುವುವು. ಭಾಷ್ಯಕಾರನು ಕೊಟ್ಟ ನೂರು ವರ್ಷವೂ ಇದಕ್ಕೆ ಸಾಲದು.

ಈ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುವುವು. ಹೆಚ್ಚು ಶ್ರಮಪಟ್ಟರೆ ಎಲ್ಲವೂ ಆಗಿಬಿಡುವುದೆಂಬುದು ಭ್ರಾಂತಿ. ವಾರಕ್ಕೆ ೬ ಗಂಟೆಯನ್ನು ೮ ಮಾಡಿದರೂ ನೂರು ವರ್ಷಗಳಿಗಿಂತ ಕಡಮೆಯಾಗದು. ಎರಡನೆಯದಾಗಿ, ಏನನ್ನಾದರೂ ಬಿಡುವುದು ಅನಿವಾರ್ಯವಾಗಿರುವುದರಿಂದ, ಬುದ್ಧಿಪೂರ್ವಕವಾಗಿ ಬಿಡದಿದ್ದವನು ಅಕಸ್ಮಾತ್ತಾಗಿ ಬಿಡುವನು. ಕೈಗೆ ಮೊದಲು ಸಿಕ್ಕಿದ್ದು ನಡೆಯುವುದು, ಕೊನೆಗೆ ಸಿಕ್ಕಿದ್ದು ಉಳಿಯುವುದು. ಆದುದರಿಂದ ಕಾಲವಿನಿಯೋಗದ ಮೊದಲನೆಯ ಪ್ರಶ್ನೆ ಏನನ್ನು ಮಾಡಬೇಕೆಂಬುದಲ್ಲ, ಏನನ್ನು ತಿಳಿದು ಬಿಡಬೇಕೆಂಬುದು.

೩

ಆಗಮಕಾಲಕ್ಕೆ ಎಲ್ಲೆಯನ್ನು ಕಟ್ಟುವುದು ಮೊದಲನೆಯ ನಿಯಮ. ಇಂಗ್ಲಿಷ್ ಭಾಷೆಯ ನಿಘಂಟನ್ನು ರಚಿಸಲು ೧೭೪೬ರಲ್ಲಿ ಒಪ್ಪಿಕೊಂಡ ಸ್ಯಾಮ್ಯುಅಲ್ ಜಾನ್ಸನ್ನನು ಮೂರು ವರ್ಷಗಳಲ್ಲಿ ಅದನ್ನು ಮುಗಿಸುವೆನೆಂದು ಎಣಿಸಿದ್ದನು. ಗ್ರಂಥವು ಪ್ರಕಟವಾದುದು ೧೭೫೫ರಲ್ಲಿ. ಅವನು ತನ್ನ ಪೀಠಿಕೆಯಲ್ಲಿ ತಿಳಿಸುವ ಸಂಗತಿಯು ಗಮನಾರ್ಹವಾದುದು. ಪ್ರತಿಯೊಂದು ವಸ್ತುವಿನ ಮೂಲವನ್ನೂ ತಾನೇ ಶೋಧಿಸಬೇಕೆಂಬ ಹಂಬಲದಿಂದ ಅವನು ಹೊರಟನು. ಒಂದು ಶೋಧನೆಯು ಇನ್ನೊಂದಕ್ಕೆ ದಾರಿಮಾಡಿತು, ಒಂದು ಪುಸ್ತಕವು ಮತ್ತೊಂದನ್ನು ತೋರಿಸಿತು. ಹುಡುಕಿದಲ್ಲೆಲ್ಲ ಸಿಕ್ಕಲಿಲ್ಲ, ಸಿಕ್ಕಿದುದೆಲ್ಲ ತಿಳಿವಿಗೆ ಬರಲಿಲ್ಲ. ಆಗ ಅವನು ಉದ್ದೇಶವನ್ನು ಕುಗ್ಗಿಸಿ, ಕೈಯಲ್ಲಿದ್ದ ಸಾಮಗ್ರಿಯನ್ನೇ ನಂಬಿ ಬರೆಯಲು ತೊಡಗಿದನು. ಇದರಿಂದ ಕೃತಿಯು ಪರಿಪೂರ್ಣವಾಗದಿದ್ದರೂ ಕೊನೆಗಂಡಿತೆಂಬುದೇ ಅವನಿಗೆ ತೋರಿದ ಲಾಭ. ೪೦,೦೦೦ಕ್ಕೆ ಮೀರಿದ ಶಬ್ದಗಳುಳ್ಳ ಆ ಎರಡು ಸಂಪುಟಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಭಾಷೆಯವರಿಗೆ ಪ್ರಮಾಣವಾಗಿದ್ದುವು.

ಇದಕ್ಕೆ ಪ್ರತಿಯಾಗಿ ಜರ್ಮನಿಯ ಗ್ರಿಮ್ ಸಹೋದರರನ್ನು ನೋಡಬಹುದು. ೧೮೩೮ರಲ್ಲಿ ಅವರು ಜರ್ಮನ್ ನಿಘಂಟಿನ ಕಾರ್ಯವನ್ನು ವಹಿಸಿಕೊಂಡರು. ಮೊದಲನೆಯ ಸಂಚಿಕೆಯು ೧೮೫೨ರಲ್ಲಿ ಹೊರಬಂದಿತು. ಸಾಮಗ್ರಿಯ ಸಂಗ್ರಹದಲ್ಲಿಯೇ ಹದಿನಾಲ್ಕು ವರ್ಷಗಳು ಕಳೆದುವು. ವಿಲ್‌ಹೆಲ್ಮನು 'ಡಿ' ಅಕ್ಷರವನ್ನು ಮುಗಿಸಿ ೧೮೫೯ರಲ್ಲಿ ತೀರಿಕೊಂಡನು. ಯಾಕೋಬನು 'ಎಫ್' ಅಕ್ಷರದಲ್ಲಿ, 'ಫಲ' ಎಂಬರ್ಥದ 'ಫ್ರುಖ್ಟ್' ಶಬ್ದದ ಹತ್ತಿರ, ೧೮೬೩ರಲ್ಲಿ ಲೇಖನಿಯನ್ನು ಕೆಳಗಿಟ್ಟನು. ಅನಂತರ ಹಲವು ತಲೆಮಾರುಗಳ ಪಂಡಿತರು ದುಡಿದು ೧೯೬೦ರ ಹೊತ್ತಿಗೆ ಅದನ್ನು ಮುಗಿಸಿದರು.

ಇಲ್ಲಿ ಗ್ರಿಮ್ಮರನ್ನು ಹಳಿಯತಕ್ಕದ್ದಿಲ್ಲ. ಅವರು ಹಾಕಿದ ಅಸ್ತಿಭಾರವು ದೃಢವಾಗಿದ್ದುದರಿಂದಲೇ ಮುಂದಿನವರು ಅದರ ಮೇಲೆ ಕಟ್ಟಿದರು. ಆದರೆ ಎರಡು ಕ್ರಮಗಳ ಫಲಗಳೂ ಬೇರೆಬೇರೆ ಎಂಬುದನ್ನು ಮರೆಯಬಾರದು. ಜಾನ್ಸನ್ನನ ಓದುಗರಿಗೆ ತಮ್ಮ ಕಾಲದಲ್ಲಿಯೇ ಇಡೀ ನಿಘಂಟು ದೊರೆಯಿತು. ಗ್ರಿಮ್ಮರ ಕಾಲದವರಿಗೆ ಆರು ಅಕ್ಷರಗಳ ಪರಿಮಿತಿಯಲ್ಲಿಯೇ ನಿಲ್ಲಬೇಕಾಯಿತು. ತನ್ನ ಕೃತಿಯು ಈಗಿನವರ ಬಳಕೆಗೋ ಮುಂದಿನವರ ಅಸ್ತಿಭಾರಕ್ಕೋ ಎಂಬುದನ್ನು ನಿಶ್ಚಯಿಸದೆ ತೊಡಗಿದವನಿಗೆ ಎರಡೂ ದಕ್ಕದೆಹೋಗುವ ಅಪಾಯವುಂಟು.

೪

ಎರಡನೆಯದು ಪೌರ್ವಾಪರ್ಯದ ನಿಯಮ. ಒಂದು ಕಾರ್ಯವು ಇನ್ನೊಂದನ್ನು ಸುಲಭಗೊಳಿಸುವುದಾದರೆ ಅದನ್ನು ಮೊದಲು ಮಾಡತಕ್ಕದ್ದು. ೧೮೫೩ರಲ್ಲಿ ನಮ್ಮ ದೇಶಕ್ಕೆ ಬಂದ ಕಿಟೆಲ್ ಪಂಡಿತರು ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿಯೂ ನಾಗವರ್ಮನ ಛಂದೋಗ್ರಂಥವನ್ನು ೧೮೭೫ರಲ್ಲಿಯೂ ಪ್ರಕಟಿಸಿದರು; ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು ೧೮೯೪ರಲ್ಲಿ. ಮೇಲುನೋಟಕ್ಕೆ ಇವು ಮೂರು ಬೇರೆ ಕೆಲಸಗಳು. ಆದರೆ ಹಳಗನ್ನಡದ ಪದಚ್ಛೇದಕ್ಕೆ ವ್ಯಾಕರಣವೂ, ಓಲೆಯ ಪಾಠದಲ್ಲಿ ಹ್ರಸ್ವದೀರ್ಘಗಳ ನಿರ್ಣಯಕ್ಕೆ ಛಂದಸ್ಸೂ ಬೇಕೆಂಬುದನ್ನು ಅರಿತವರಿಗೆ ಈ ಅನುಕ್ರಮದ ಔಚಿತ್ಯವು ತಿಳಿಯದಿರದು. ಸೂತ್ರಗಳನ್ನು ಮೊದಲು ಕೈವಶಮಾಡಿಕೊಂಡುದರಿಂದ ಸಾವಿರಾರು ಶಬ್ದಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ತಗಲಬಹುದಾಗಿದ್ದ ಶ್ರಮವು ಉಳಿಯಿತು. ಪತಂಜಲಿಯು ಹೇಳಿದ ಲಾಘವವು ಇದೇ.

ಮೂರನೆಯದು ಅಪೂರ್ವತೆಯ ಮೋಹವನ್ನು ತಡೆಯತಕ್ಕ ನಿಯಮ. ಆಕ್ಸ್‌ಫರ್ಡಿನ ಇಂಗ್ಲಿಷ್ ನಿಘಂಟಿಗಾಗಿ ನೂರಾರು ಮಂದಿ ಓದುಗರು ಪುಸ್ತಕಗಳನ್ನು ಓದಿ, ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. ೧೮೭೯ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರೆಯು ಚೀಟಿಗಳನ್ನು ಪರೀಕ್ಷಿಸಿದಾಗ, ಯಾರೂ ಬಳಸದ 'ಅಬ್ಯೂಷನ್' ಎಂಬ ಪದಕ್ಕೆ ಸುಮಾರು ಐವತ್ತು ಪ್ರಯೋಗಗಳೂ, ಎಲ್ಲರೂ ಬಳಸುವ 'ಅಬ್ಯೂಸ್' ಎಂಬುದಕ್ಕೆ ಐದಕ್ಕೂ ಕಡಮೆಯಾದ ಪ್ರಯೋಗಗಳೂ ಇದ್ದುವು. ಓದುಗರ ಕಣ್ಣು ವಿರಳಪದದ ಮೇಲೆಯೇ ಬಿದ್ದಿತ್ತು. ಸಾಮಾನ್ಯ ಪದಗಳಿಗಾಗಿ ಮರಳಿ ಓದಿಸಬೇಕಾಗಿ ಬಂದುದರಿಂದ ಸಂಪಾದಕನ ಕಾಲವು ವೃಥಾ ವ್ಯಯವಾಯಿತು.

ನಮ್ಮಲ್ಲಿಯೂ ಇದೇ ಪ್ರವೃತ್ತಿಯುಂಟು. ಒಂದು ಕಾವ್ಯದಲ್ಲಿ ಒಮ್ಮೆ ಮಾತ್ರ ಬಂದಿರುವ ದೇಶ್ಯಪದದ ಮೇಲೆ ಪುಟಗಟ್ಟಲೆ ಚರ್ಚೆ ನಡೆಯುವುದು. ಆದರೆ 'ಹಿಡಿ' ಎಂಬ ಧಾತುವನ್ನು ವಿಚಾರಿಸುವವರು ವಿರಳ. ದಾರಿ ಹಿಡಿಯುವುದು, ಹಟ ಹಿಡಿಯುವುದು, ತುಕ್ಕು ಹಿಡಿಯುವುದು, ಮಳೆ ಹಿಡಿಯುವುದು, ಬಹಳ ಹೊತ್ತು ಹಿಡಿಯುವುದು, ಹುಚ್ಚು ಹಿಡಿಯುವುದು: ಈ ಆರರಲ್ಲಿ ಕರ್ತೃವಾರು, ಕರ್ಮವಾವುದು, ಒಂದರ್ಥದಿಂದ ಇನ್ನೊಂದರ್ಥವು ಹೇಗೆ ಹೊರಟಿತು ಎಂಬುದನ್ನು ವಿವರಿಸುವುದು ಅಪೂರ್ವಪದವೊಂದಕ್ಕೆ ಟಿಪ್ಪಣಿ ಬರೆಯುವುದಕ್ಕಿಂತ ಕಷ್ಟ, ವಿದ್ಯಾರ್ಥಿಗಳಿಗೆ ಅದಕ್ಕಿಂತ ಬಹಳ ಉಪಕಾರಕ. ಮನಸ್ಸನ್ನು ಸೆಳೆಯತಕ್ಕದ್ದೇ ಮುಖ್ಯವಾದುದೆಂದು ಭಾವಿಸುವುದರಿಂದ ಶಕ್ತಿಯ ಬಹುಭಾಗವು ಅಮುಖ್ಯದಲ್ಲಿ ಸವೆಯುವುದು.

೫

ನಾಲ್ಕನೆಯ ನಿಯಮವನ್ನು ಬಿ. ಎಲ್. ರೈಸ್ ಸಾಹೇಬರ ಕೃತಿಯಿಂದ ತಿಳಿಯಬಹುದು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಮೊದಲನೆಯ ಸಂಪುಟವಾದ ಕೊಡಗಿನ ಶಾಸನಗಳು ೧೮೮೬ರಲ್ಲಿ ಅಚ್ಚಾದುವು. ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹನ್ನೆರಡು ಸಂಪುಟಗಳು ಪೂರ್ಣವಾಗಿ, ಒಂಬತ್ತು ಸಾವಿರದಷ್ಟು ಶಾಸನಗಳು ಬೆಳಕಿಗೆ ಬಂದುವು. ಪಾಠಗಳಲ್ಲಿ ದೋಷಗಳುಂಟೆಂಬುದನ್ನು ಅಂದಿನಿಂದಲೂ ವಿದ್ವಾಂಸರು ತೋರಿಸುತ್ತ ಬಂದಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೦ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದುದೂ ಈ ಕಾರಣದಿಂದಲೇ.

ಒಂದೊಂದು ಶಾಸನವನ್ನೂ ಮೂರು ಬಾರಿ ಓದಿ, ಸಂದೇಹಗಳನ್ನೆಲ್ಲ ಪರಿಹರಿಸಿಯೇ ಮುಂದಿನ ಊರಿಗೆ ಹೋಗುವೆನೆಂದು ರೈಸರು ನಿಶ್ಚಯಿಸಿದ್ದರೆ ಏನಾಗುತ್ತಿತ್ತು? ಎರಡು ಮೂರು ಸಂಪುಟಗಳು ನಿರ್ದುಷ್ಟವಾಗಿ ಬರುತ್ತಿದ್ದುವು. ಉಳಿದ ಊರುಗಳ ಕಲ್ಲುಗಳು ಹಾಗೆಯೇ ನಿಲ್ಲುತ್ತಿದ್ದುವು. ಕಲ್ಲಾದರೋ ನಿಂತೇ ಇರತಕ್ಕ ವಸ್ತುವಲ್ಲ. ಅದು ಬಟ್ಟೆಯೊಗೆಯುವ ಬಂಡೆಯಾಗುವುದು, ಕಾಲುವೆಯ ಮೇಲಣ ಹಾಸಾಗುವುದು, ಮನೆಯ ತಳಪಾಯಕ್ಕೆ ಸೇರುವುದು, ಕೆರೆಯ ನೀರಿನಲ್ಲಿ ಮುಳುಗುವುದು. ತಪ್ಪು ಓದಿದ ಶಾಸನವನ್ನು ತಿದ್ದಬಹುದು. ಓದುವ ಮೊದಲೇ ಒಡೆದುಹೋದುದನ್ನು ತಿದ್ದುವ ಬಗೆಯಿಲ್ಲ. ಆದುದರಿಂದ ಎರಡು ಕಾರ್ಯಗಳು ಒಮ್ಮೆಗೇ ಎದುರಿಗೆ ಬಂದಾಗ, ಯಾವುದು ಹೆಚ್ಚು ಘನವಾದುದೆಂದು ಕೇಳುವ ಮುನ್ನ, ಯಾವುದು ತಡಮಾಡಿದರೆ ಮತ್ತೆ ಸಿಕ್ಕದೆಂದು ಕೇಳತಕ್ಕದ್ದು. ಸಂಗ್ರಹವು ಮೊದಲು, ಪರಿಷ್ಕಾರವು ಆಮೇಲೆ ಎಂಬುದು ಎಲ್ಲೆಡೆಗೂ ಅನ್ವಯಿಸುವ ವಿಧಿಯಲ್ಲ; ನಶ್ವರವಾದ ಸಾಮಗ್ರಿಯ ವಿಷಯದಲ್ಲಿ ಮಾತ್ರ ಅದು ಸಲ್ಲುವುದು. ನಾಲ್ಕು ಗ್ರಂಥಾಲಯಗಳಲ್ಲಿ ಅಚ್ಚಿನ ಪ್ರತಿಗಳಿರುವ ಕಾವ್ಯದ ಸಂಗತಿ ಬೇರೆ. ಅಲ್ಲಿ ಅವಸರಕ್ಕೆ ಕಾರಣವಿಲ್ಲ, ಆದುದರಿಂದ ದೋಷಕ್ಕೆ ಕ್ಷಮೆಯೂ ಇಲ್ಲ.

೬

ಇದುವರೆಗೆ ಹೇಳಿದುದು ವರ್ಷಗಳ ವಿನಿಯೋಗ. ದಿನದ ವಿನಿಯೋಗವನ್ನು ಇನ್ನು ನೋಡಬೇಕು. ಫ್ರೆಂಚ್ ಭಾಷೆಯ ಮಹಾನಿಘಂಟನ್ನು ರಚಿಸಿದ ಎಮೀಲ್ ಲಿತ್ರೆಯು ತಾನು ಆ ಕೆಲಸವನ್ನು ನಡೆಸಿದ ರೀತಿಯನ್ನು ೧೮೮೦ರಲ್ಲಿ ಒಂದು ಲೇಖನವಾಗಿ ಬರೆದಿಟ್ಟನು. ಬೆಳಗ್ಗೆ ಎಂಟು ಗಂಟೆಗೆ ಏಳುವನು. ಆಳು ಕೋಣೆಯನ್ನು ಗುಡಿಸಿ ಅಣಿಮಾಡುವ ಹೊತ್ತಿನಲ್ಲಿ ಕೆಳಗಿನ ಕೋಣೆಯಲ್ಲಿ ಕುಳಿತು ಏನಾದರೂ ಬಿಡಿಕೆಲಸ ಮಾಡುವನು. ನಿಘಂಟಿನ ಪೀಠಿಕೆಯನ್ನು ಅವನು ಬರೆದುದು ಈ ಚೂರುಗಳಲ್ಲಿಯೇ. ಒಂಬತ್ತರಿಂದ ಊಟದವರೆಗೆ ಅಚ್ಚಿನ ಕರಡುಗಳ ತಿದ್ದುಪಡಿ. ಒಂದರಿಂದ ಮೂರರವರೆಗೆ ಒಂದು ವಿದ್ವತ್ಪತ್ರಿಕೆಯ ಕೆಲಸ. ಮೂರರಿಂದ ಆರರವರೆಗೆ ನಿಘಂಟು. ರಾತ್ರಿಯ ಊಟವಾದಮೇಲೆ ಏಳರಿಂದ ಮತ್ತೆ ನಿಘಂಟು. ಹೆಂಡತಿಯೂ ಮಗಳೂ ನೆರವಾಗಿದ್ದು ನಡುರಾತ್ರಿಗೆ ಮಲಗುವರು, ಅವನು ಮೂರು ಗಂಟೆಯವರೆಗೆ ಎದ್ದಿರುವನು. ೧೮೫೯ರಲ್ಲಿ ಅಚ್ಚಿನ ಕೆಲಸ ಮೊದಲಾದಾಗ ಅವನ ವಯಸ್ಸು ಐವತ್ತೆಂಟು. ೧೮೭೦ರ ಯುದ್ಧವು ಅಡ್ಡಬಂದರೂ ೧೮೭೨ರಲ್ಲಿ ನಿಘಂಟು ಮುಗಿಯಿತು.

ಈ ದಿನಚರಿಯಲ್ಲಿ ಅನುಕರಣಕ್ಕೆ ತಕ್ಕದ್ದು ಜಾಗರಣೆಯಲ್ಲ. ಅದನ್ನು ತಡೆದುಕೊಳ್ಳುವ ದೇಹವು ಎಲ್ಲರದೂ ಅಲ್ಲ. ಗಮನಿಸತಕ್ಕವು ಬೇರೆ ಮೂರು. ಒಂದು, ಪ್ರತಿಯೊಂದು ಹೊತ್ತಿಗೂ ಒಂದೇ ಜಾತಿಯ ಕೆಲಸ. ಕರಡು ತಿದ್ದುವಾಗ ಹೊಸ ಪದವನ್ನು ಬರೆಯುವುದಿಲ್ಲ. ಎರಡು, ಇತರರ ನಿರೀಕ್ಷೆಯಲ್ಲಿರುವ ಕೆಲಸಕ್ಕೆ, ಎಂದರೆ ಅಚ್ಚುಕೂಟದ ಕರಡಿಗೆ, ಮುಂಜಾವಿನಲ್ಲಿಯೇ ಸ್ಥಳವನ್ನು ಕೊಟ್ಟುದರಿಂದ ಉಳಿದ ಹೊತ್ತು ನಿರಾತಂಕವಾಯಿತು. ಮೂರು, ದೀರ್ಘವಾದ ಅವಿಚ್ಛಿನ್ನ ಕಾಲವನ್ನು ದೊಡ್ಡ ಕೆಲಸಕ್ಕಿಟ್ಟು, ತುಣುಕು ಕಾಲವನ್ನು ತುಣುಕಾಗಿ ನಡೆಯಬಲ್ಲ ಬರವಣಿಗೆಗೆ ಬಳಸಿದನು. ನಮ್ಮ ಉಪಾಧ್ಯಾಯರಲ್ಲಿ ಅನೇಕರು ಇದಕ್ಕೆ ವಿಪರೀತವಾಗಿ, ರಜೆಯ ದೀರ್ಘಕಾಲವನ್ನು ಬಿಡಿಲೇಖನಗಳಿಗೆ ಕೊಟ್ಟು, ಮಹಾಗ್ರಂಥಕ್ಕೆ ಪಾಠಗಳ ನಡುವಣ ಅರ್ಧ ಗಂಟೆಯನ್ನು ಉಳಿಸಿಕೊಳ್ಳುವರು.

ಉದ್ಯೋಗಸ್ಥರಾಗಿದ್ದು ಇದನ್ನು ಸಾಧಿಸಿದ ನಿದರ್ಶನಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಆರ್. ನರಸಿಂಹಾಚಾರ್ಯರು ೧೯೦೬ರಿಂದ ೧೯೨೨ರವರೆಗೆ ಮೈಸೂರಿನ ಪುರಾತತ್ತ್ವ ಇಲಾಖೆಯ ಭಾರವನ್ನು ಹೊತ್ತಿದ್ದರು. ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟವು ೧೯೦೭ರಲ್ಲಿಯೂ ಎರಡನೆಯದು ೧೯೧೯ರಲ್ಲಿಯೂ ಅವರು ಅಧಿಕಾರದಲ್ಲಿರುವಾಗಲೇ ಹೊರಬಂದುವು; ಮೂರನೆಯದು ನಿವೃತ್ತಿಯ ಅನಂತರ, ೧೯೨೯ರಲ್ಲಿ. ಸಹಗ್ರಂಥಕರ್ತರಾಗಿದ್ದ ಎಸ್. ಜಿ. ನರಸಿಂಹಾಚಾರ್ಯರು ೧೯೦೭ರಲ್ಲಿಯೇ ಕಾಲವಶರಾದುದನ್ನು ನೆನೆದರೆ, ಮೊದಲ ಸಂಪುಟವನ್ನು ಆ ವರ್ಷವೇ ಅಚ್ಚಿಗೆ ಕೊಟ್ಟುದು ಎಷ್ಟು ಒಳ್ಳೆಯದಾಯಿತೆಂಬುದು ತಿಳಿಯುವುದು. ಹೊಸ ಶಾಸನಗಳೂ ಗ್ರಂಥಗಳೂ ದೊರೆತಮೇಲೆ ಆ ಸಂಪುಟವನ್ನೇ ತಿದ್ದಿ ೧೯೨೪ರಲ್ಲಿ ಮತ್ತೆ ಅಚ್ಚುಹಾಕಿದರು. ತಿದ್ದುವುದಕ್ಕೆ ಅವಕಾಶವಿದೆಯೆಂದು ನಂಬಿ ಪ್ರಕಟಿಸುವುದೂ ಒಂದು ವಿವೇಕ.

೭

ಕೊನೆಯದಾಗಿ, ತಾನೇ ಮಾಡಬೇಕಾದುದು ಯಾವುದು, ಇತರರಿಗೆ ವಹಿಸಬಹುದಾದುದು ಯಾವುದು ಎಂಬ ವಿವೇಚನೆ. ಶಾಲೆಯ ಉಪಾಧ್ಯಾಯನಾಗಿದ್ದುಕೊಂಡೇ ಕೋಶಕಾರ್ಯವನ್ನು ಆರಂಭಿಸಿದ ಮರೆಯು ಹತ್ತು ವರ್ಷಗಳಲ್ಲಿ ನಾಲ್ಕು ಸಂಪುಟಗಳನ್ನು ಮುಗಿಸುವ ಕರಾರನ್ನು ಒಪ್ಪಿದ್ದನು. ಐದು ವರ್ಷಗಳ ತರುವಾಯ, ೧೮೮೪ರಲ್ಲಿ, ಹೊರಬಂದ ಮೊದಲನೆಯ ಸಂಚಿಕೆಯು 'ಎ' ಅಕ್ಷರದ ಒಂದು ಭಾಗವನ್ನು ಮಾತ್ರ ಒಳಗೊಂಡಿತ್ತು. ೧೮೮೫ರಲ್ಲಿ ಅವನು ಶಾಲೆಯನ್ನು ಬಿಟ್ಟು ಆಕ್ಸ್‌ಫರ್ಡಿಗೆ ಹೋದನು; ಆದರೂ ಒಬ್ಬನ ಕೈಯಿಂದ ಆಗದೆಂಬುದು ಸ್ಪಷ್ಟವಾಯಿತು. ಹೆನ್ರಿ ಬ್ರಾಡ್ಲಿಯೂ ಅನಂತರ ಇನ್ನಿಬ್ಬರೂ ಸ್ವತಂತ್ರ ಸಂಪಾದಕರಾಗಿ ಸೇರಿ, ಒಬ್ಬೊಬ್ಬರು ಒಂದೊಂದು ಅಕ್ಷರವನ್ನು ಹಂಚಿಕೊಂಡು ನಡೆಸಿದರು. ಮರೆಯು ೧೯೧೫ರಲ್ಲಿ 'ಟಿ' ಅಕ್ಷರವನ್ನು ನಡೆಸುತ್ತಿದ್ದಾಗ ತೀರಿಕೊಂಡನು. ಗ್ರಂಥವು ೧೯೨೮ರಲ್ಲಿ ೧೫,೦೦೦ಕ್ಕೆ ಮೀರಿದ ಪುಟಗಳಲ್ಲಿ ಪೂರ್ಣವಾಯಿತು. ಗ್ರಿಮ್ಮರಂತೆಯೇ ಅವನೂ ಕೊನೆಯನ್ನು ಕಾಣಲಿಲ್ಲ. ಆದರೆ ಅವನ ಮರಣಾನಂತರ ಹದಿಮೂರೇ ವರ್ಷಗಳು ಸಾಕಾದುವು. ಯಾಕೋಬ್ ಗ್ರಿಮ್ಮನ ತರುವಾಯ ತೊಂಬತ್ತೇಳು ವರ್ಷಗಳು ಬೇಕಾದುವು. ಕೃತಿಯ ಗಾತ್ರವೂ ರಾಜಕೀಯ ವಿಪ್ಲವಗಳೂ ಇದಕ್ಕೆ ಕಾರಣವಾಗಿರುವುವು. ಆದರೂ ಸಂಪಾದಕನು ಬದುಕಿರುವಾಗಲೇ ಸಮಾನಸ್ಕಂಧರನ್ನು ಸಿದ್ಧಮಾಡಿಕೊಂಡುದರ ಫಲವನ್ನು ಅಲ್ಲಗಳೆಯಲಾಗದು.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಈ ಮಾರ್ಗದಲ್ಲಿಯೇ ನಡೆಯಿತು. ೧೯೪೦ರ ದಶಕದಲ್ಲಿ ಮೊದಲಾದ ಆ ಕಾರ್ಯದಲ್ಲಿ ಎಂಟು ಸಂಪುಟಗಳಲ್ಲಿ ಮೊದಲನೆಯದು ೧೯೭೦ರಲ್ಲಿಯೂ ಕೊನೆಯದು ೧೯೯೫ರಲ್ಲಿಯೂ ಪ್ರಕಟವಾದುವು. ಆರಂಭಿಸಿದವರೆಲ್ಲರೂ ಮುಕ್ತಾಯವನ್ನು ಕಾಣಲಿಲ್ಲ. ಕಾರ್ಯವು ವ್ಯಕ್ತಿಯನ್ನವಲಂಬಿಸದೆ ಮಂಡಲಿಯನ್ನವಲಂಬಿಸಿದ್ದುದರಿಂದ ನಿಲ್ಲಲಿಲ್ಲ.

೮

ಈ ನಿಯಮಗಳ ವಿಷಯದಲ್ಲಿ ಒಂದು ಆಕ್ಷೇಪವು ಏಳಬಹುದು. ವಿದ್ಯೆಯನ್ನು ಹೀಗೆ ಗಂಟೆಗಳ ಲೆಕ್ಕಕ್ಕೆ ಕಟ್ಟುವುದು ಯುಕ್ತವೇ? ಉದ್ದೇಶಿಸದೆ ಹಿಡಿದ ಅಡ್ಡದಾರಿಯಲ್ಲಿಯೇ ಎಷ್ಟೋ ಸಂಶೋಧನೆಗಳು ದೊರೆತಿಲ್ಲವೇ? ಆಕ್ಷೇಪವು ನಿಜವಾದುದು. ಜಾನ್ಸನ್ನನು ತನ್ನ ಎಲ್ಲೆಯನ್ನು ಕುಗ್ಗಿಸಿದುದರಿಂದ ಕಳೆದುಕೊಂಡುದು ಬಹಳವಿರಬೇಕು; ರೈಸರ ಅವಸರದಿಂದ ಹುಟ್ಟಿದ ತಪ್ಪುಪಾಠಗಳ ಮೇಲೆ ಕಟ್ಟಿದ ಚರಿತ್ರೆಯನ್ನು ಕೆಡವಿ ಕಟ್ಟಲು ಇತರರ ಕಾಲವು ವ್ಯಯವಾಗಿದೆ. ಆದ್ಯತೆಯನ್ನು ಗೊತ್ತುಮಾಡುವುದೆಂದರೆ ನಷ್ಟವಿಲ್ಲದೆ ನಡೆಯುವುದೆಂದಲ್ಲ. ಯಾವ ನಷ್ಟವನ್ನು ತಾಳಿಕೊಳ್ಳಬಹುದೆಂಬುದನ್ನು ಮೊದಲೇ ನಿಶ್ಚಯಿಸುವುದೆಂದು. ಅಡ್ಡದಾರಿಗೂ ವಾರದಲ್ಲಿ ಒಂದು ಹೊತ್ತನ್ನು ಮೀಸಲಿಟ್ಟರೆ ಆಕ್ಷೇಪವು ಬಹುಮಟ್ಟಿಗೆ ಪರಿಹೃತವಾಗುವುದು.

ಇವನ್ನು ನಮ್ಮ ಸ್ಥಿತಿಗೆ ಅನ್ವಯಿಸಿದರೆ ತೋರುವ ಅನುಕ್ರಮವಿದು. ಗಾಣ, ಏತ, ಕಪಿಲೆ, ಕೈಮಗ್ಗ ಮೊದಲಾದ ಕಸುಬುಗಳ ಮಾತುಗಳನ್ನು ಬಲ್ಲ ವೃದ್ಧರು ದಿನೇ ದಿನೇ ಕಡಮೆಯಾಗುತ್ತಿರುವರು. ಉಪಕರಣವು ಮೂಲೆಸೇರಿದ ಕೂಡಲೇ ಅದರ ಅಂಗಾಂಗಗಳ ಹೆಸರುಗಳೂ ಮರೆಯಾಗುವುವು. ಪುಸ್ತಕದಲ್ಲಿಲ್ಲದ ಶಬ್ದಕ್ಕೆ ಬಲ್ಲವನ ನಾಲಗೆಯೊಂದೇ ಭಂಡಾರ. ಇವುಗಳ ಸಂಗ್ರಹವು ಮೊದಲನೆಯದು. ಖಾಸಗಿ ಮನೆಗಳಲ್ಲಿ ಹುಳು ತಿನ್ನುತ್ತಿರುವ ಓಲೆಗರಿಗಳ ಪ್ರತಿಯನ್ನೆತ್ತುವುದು ಎರಡನೆಯದು. ನಿತ್ಯಬಳಕೆಯ ಧಾತುಗಳ ಅರ್ಥವಿವೇಚನೆ ಮೂರನೆಯದು. ಅಚ್ಚಾಗಿ ಸುರಕ್ಷಿತವಾಗಿರುವ ಗ್ರಂಥಗಳ ಪುನಃಪರಿಷ್ಕಾರವು ಇವುಗಳ ತರುವಾಯ. ಮೊದಲನೆಯದಕ್ಕೆ ಮಹಾಪಾಂಡಿತ್ಯವೂ ಬೇಕಿಲ್ಲ. ಹಳ್ಳಿಯ ಉಪಾಧ್ಯಾಯನು ವಾರಕ್ಕೆ ಎರಡು ಗಂಟೆ ಕೊಟ್ಟು, ಶಬ್ದ, ಅರ್ಥ, ಊರು, ಹೇಳಿದವರ ಕಸುಬು, ದಿನ ಎಂಬ ಐದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ವ್ಯುತ್ಪತ್ತಿಯನ್ನು ಮುಂದಿನವರು ವಿಚಾರಿಸಬಲ್ಲರು. ಆ ಐದನ್ನು ಮಾತ್ರ ಅವರು ಎಲ್ಲಿಂದಲೂ ತರಲಾರರು.

ಬೃಹಸ್ಪತಿಯಂತಹ ಗುರುವೂ ಇಂದ್ರನಂತಹ ಶಿಷ್ಯನೂ ಸಾವಿರ ದಿವ್ಯವರ್ಷಗಳಲ್ಲಿ ಮುಗಿಸಲಾಗದುದನ್ನು ನಾವು ಮುಗಿಸುವೆವೆಂಬ ಹಮ್ಮು ಬೇಡ. ಆದರೆ ಆಗಮಕಾಲದಲ್ಲಿಯೇ ಆಯುಸ್ಸನ್ನು ತೀರಿಸದೆ, ಪ್ರವಚನಕ್ಕೂ ವ್ಯವಹಾರಕ್ಕೂ ಸಲ್ಲತಕ್ಕ ಪಾಲನ್ನು ಮೊದಲೇ ತೆಗೆದಿಡುವುದು ನಮ್ಮ ಕೈಯಲ್ಲಿದೆ. ಒಬ್ಬೊಬ್ಬ ಅಧ್ಯಾಪಕನೂ ವರ್ಷಾರಂಭದಲ್ಲಿ ತನ್ನ ಗಂಟೆಗಳನ್ನು ಎಣಿಸಿ, ಈ ವರ್ಷ ತಾನು ಬಿಡತಕ್ಕ ಕೆಲಸಗಳ ಪಟ್ಟಿಯನ್ನು ಬರೆದುಕೊಂಡರೆ, ಮಾಡತಕ್ಕ ಕೆಲಸವು ತಾನಾಗಿಯೇ ಗೋಚರವಾಗುವುದು.